ಮೀನಖಂಡ

ಮಂಗಳವಾರ ತೂಕದ ದಿನ.
ತಕ್ಕಡಿ-ಕುರ್ಚಿಯ ಒಂದು ಗಾಲಿ ಕಿರುಗುಡುತ್ತದೆ.
ಆ ಸದ್ದಿಗೆ ಬೆಲರ್ಮೀನೊ ನಿದ್ದೆ ನಟಿಸುತ್ತಾನೆ,
ಮೂರನೇ ಕೋಣೆಯ ಅಕ್ಕತಂಗಿಯರು
ಚಪ್ಪಲಿ ಬಿಚ್ಚಿಟ್ಟು ಕಾಯುತ್ತಾರೆ,
ಪರೀಕ್ಷೆಗೆ ಕೂತ ಮಕ್ಕಳ ಹಾಗೆ.

ನನ್ನ ಕೈಯಲ್ಲಿ ಒಂದು ಹಾಳೆ, ಆರು ಪ್ರಶ್ನೆ.
ಮೂರು ತಿಂಗಳಿಂದ ಊಟ ಕಡಿಮೆಯಾಗಿದೆಯೇ?
ಹಾಸಿಗೆಯಿಂದ ತಾನೇ ಏಳುತ್ತಾರೆಯೇ?
ಮನಸ್ಸಿಗೆ ಪೆಟ್ಟು ಬಿದ್ದಿದೆಯೇ?
(ಬೀಳದವರು ಇಲ್ಲಿಗೇಕೆ ಬರುತ್ತಾರೆ ಎಂದು
ಹಾಳೆ ಬರೆದವರನ್ನು ಕೇಳಬೇಕು.)
ಉತ್ತರಕ್ಕೆ ಸೊನ್ನೆ, ಒಂದು, ಎರಡು.

ಎರ್ಮೆಲಿಂಡಾಗೆ ಎಂಬತ್ತೊಂಬತ್ತು.
ಪೋರ್ಚುಗಲ್ಲಿನ ಈ ಬಂದರಿನ ಡಬ್ಬಿ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಬೂತಾಯಿ ಕೊಯ್ದವಳು.
ಮೇಸ್ತ್ರಿ ತೂಗಿದಷ್ಟಕ್ಕೆ ಪಗಾರ.

ಜನವರಿ: ನಲವತ್ತೆಂಟು ಕಿಲೋ ಇನ್ನೂರು.
ಫೆಬ್ರವರಿ, ಅಷ್ಟೇ. ಮಾರ್ಚಿ, ಅಷ್ಟೇ.
"ಗುಲಗಂಜಿಯಷ್ಟೂ ಇಳಿದಿಲ್ಲ ನೋಡು"
ಎಂದು ಗಲ್ಲ ಎತ್ತುತ್ತಾಳೆ.
ಆದರೆ ಮದುವೆಯುಂಗುರಕ್ಕೆ ನೀಲಿ ದಾರ ಸುತ್ತಿದ್ದಾಳೆ,
ಜಾರದಿರಲೆಂದು.
ಕೈಗಡಿಯಾರ ಮೊಣಕೈವರೆಗೂ ಓಡಾಡಿ ಬರುತ್ತದೆ.

ಟೇಪು ತೆಗೆದೆ. ಕಾಲುಚೀಲ ಇಳಿಸಿದೆ.
ಮೊಣಕಾಲ ಕೆಳಗೆ, ಹಿಂದೆ, ಆ ಉಬ್ಬಿಗೆ
ನಮ್ಮೂರವರು ಕಾಲಿನ ಹೊಟ್ಟೆ ಎನ್ನುತ್ತೇವೆ.
ಈ ಪದ್ಯದ ಭಾಷೆಯಲ್ಲಿ ಅದು ಮೀನಖಂಡವಂತೆ.
ಹೆಸರಿಟ್ಟವರು ನಡೆಯುವವರ ಹಿಂದೆ ನಡೆದು
ಚರ್ಮದಡಿ ಮೀನೊಂದು ಪುಟಿಯುವುದನ್ನು ಕಂಡಿರಬೇಕು.
ಇಲ್ಲಿ ಮೀನಿರಲಿಲ್ಲ.
ಒಣಗಲು ಹಾಕಿದ ಬಲೆಯಿತ್ತು.
ಮೂವತ್ತೊಂದು ಸೆಂಟಿಮೀಟರಾದರೂ ಇರಬೇಕಿತ್ತು.
ಇಪ್ಪತ್ತೇಳು.
ಇನ್ನೊಮ್ಮೆ ಸುತ್ತಿದೆ.
ಇಪ್ಪತ್ತೇಳು.

ನಿಲುವಂಗಿಯ ಅಂಚು ನನ್ನ ಮಂಡಿಗೆ ತಗುಲಿತು,
ಬಟ್ಟೆಯಂತಲ್ಲ, ಕಲ್ಲಿನಂತೆ.
ಹೊಲಿಗೆ ಬಿಚ್ಚಿದರೆ ಸೀಸದ ಗುಂಡು,
ಬಲೆಯ ಬುಡಕ್ಕೆ ಕಟ್ಟುವಂಥವು, ಗಂಡನ ಪೆಟ್ಟಿಗೆಯವು.
ತಿಂಗಳಿಗೆ ಇಳಿದಷ್ಟು ಅಂಗೈಯಲ್ಲೇ ತೂಗಿ
ಸೇರಿಸುತ್ತಾ ಬಂದಿದ್ದಾಳೆ, ಲೆಕ್ಕ ತಪ್ಪದೆ.
ಒಟ್ಟು ಮೂರು ಕಿಲೋ.

"ಮೇಸ್ತ್ರಿ ಬುಟ್ಟಿಯಡಿ ಹೆಬ್ಬೆರಳು ಕೊಟ್ಟು
ದಿನಾ ಎರಡು ಕಿಲೋ ನುಂಗುತ್ತಿದ್ದ.
ತಕ್ಕಡಿಗೆ ನಿಜ ಹೇಳುವ ಋಣ ನನಗಿಲ್ಲ.
ಇಳಿದವರನ್ನು ನೀವು ಮೇಲಿನ ಮಹಡಿಗೆ ಒಯ್ಯುತ್ತೀರಿ,
ಅಲ್ಲಿ ಎಲ್ಲವನ್ನೂ ಅರೆದು ಕೊಡುತ್ತಾರೆ,
ಮೀನು, ಬಟಾಟೆ, ಭಾನುವಾರ.
ಚಮಚದಲ್ಲಿ ಏನು ಬಂತೆಂದು
ನಾಲಿಗೆಗೇ ಗೊತ್ತಾಗುವುದಿಲ್ಲವಂತೆ."

ನನಗೆ ಕೋಪ ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.
ಹಾಳೆ ಮಡಚಿ, ಅದರಲ್ಲಿಲ್ಲದ್ದನ್ನು ಕೇಳಿದೆ:
ಬಾಯಿ ತೆರಿ, ನೋಡೋಣ.
ಕೆಳವಸಡಿನಲ್ಲಿ ಅವರೆಕಾಳಿನಷ್ಟು ಹುಣ್ಣು.
ಹಲ್ಲಿನ ಸೆಟ್ಟು ಅಲಮಾರಿನಲ್ಲಿ,
ಕಸೂತಿ ಕರವಸ್ತ್ರದಲ್ಲಿ ಸುತ್ತಿ,
ಕಳೆದ ಕ್ರಿಸ್‌ಮಸ್ಸಿನಿಂದ.
ಐದು ತಿಂಗಳು ಸಾರಿನ ನೀರು ಕುಡಿದು
ರೊಟ್ಟಿಯನ್ನು ಕಿಟಕಿಯ ಕಡಲಹಕ್ಕಿಗೆ ಹಾಕುತ್ತಿದ್ದಳು.
ಆ ಹಕ್ಕಿ ಮಾತ್ರ ದಷ್ಟಪುಷ್ಟವಾಗಿತ್ತು.

ಮಹಡಿಗೆ ಕಳಿಸಲಿಲ್ಲ. ಅದಕ್ಕೆ ಜಗಳವಾಡಬೇಕಾಯಿತು,
ಮೂರು ಸಹಿ, ಒಂದು ಬೈಗುಳ.
ಹುಣ್ಣು ಮಾಯಿತು. ದಂತವೈದ್ಯೆ ಸೆಟ್ಟನ್ನು ಉಜ್ಜಿ ಉಜ್ಜಿ
ಕುಗ್ಗಿದ ವಸಡಿಗೆ ಹೊಂದಿಸಿದಳು.
ಜೂನಿನ ಹಬ್ಬದ ರಾತ್ರಿ ಬೀದಿಯೆಲ್ಲ ಕೆಂಡ, ಹೊಗೆ.
ಜೋಳದ ರೊಟ್ಟಿಯ ಮೇಲೆ ಇಡೀ ಬೂತಾಯಿ ಇಟ್ಟುಕೊಂಡು
ಎರ್ಮೆಲಿಂಡಾ ಮುಕ್ಕಾಲು ಗಂಟೆ ತಿಂದಳು.
ಒಂದೇ ಒಂದು ಮೀನು.
ಮುಳ್ಳನ್ನು ತಟ್ಟೆಯಂಚಿಗೆ
ಬಾಚಣಿಗೆಯಂತೆ ಒರಗಿಸಿಟ್ಟಳು.

ಮುಂದಿನ ಮಂಗಳವಾರ ಮತ್ತೆ ಟೇಪು.
"ಇಪ್ಪತ್ತೆಂಟು!" ಎಂದೆ.
ಅವಳು ಬಗ್ಗಿದಳು, ಕನ್ನಡಕ ಸರಿಸಿದಳು.
"ಹೆಬ್ಬೆರಳು ತೆಗಿ, ಹುಡುಗಿ."

ತೆಗೆದೆ.
ಇಪ್ಪತ್ತೇಳೂವರೆ.